ಸ್ನೇಹಕ್ಕೆ ಕೊಟ್ಟ ಸೀಮೆ



ಹೊಳಗುಂದ ಕಡೆಯ ಹಳ್ಳಿಯೊಂದರಿಂದ ಹಿರಿಯರೊಬ್ಬರು ಕಾಗದ ಬರೆದಿದ್ದಾರೆ. ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಕಡೆಯ ಮಾತು ಹೇಗಿದೆಯೋ ಕಾಗದವೂ ಹಾಗೆಯೇ ಇದೆ. ವಾರ್ತೆಯಲ್ಲಿ ದಿನಾ ಒಂದು ಮಾತು ಬರುತ್ತದಂತೆ: ಇಂಥ ದೇಶದ ಪ್ರಧಾನಿ ಬಂದರು, ಕೈ ಕುಲುಕಿದರು, ಒಪ್ಪಂದಕ್ಕೆ ಸಹಿಯಾಯಿತು, ಇದರಿಂದ ಉಭಯ ದೇಶಗಳಿಗೂ ಲಾಭ. ಐವತ್ತು ವರ್ಷದಿಂದ ಆದೋನಿ ಮಾರ್ಕೆಟ್ಟಿಗೆ ಹತ್ತಿ ಹಾಕುತ್ತಿದ್ದೇನೆ, ಕೊಟ್ಟವನಿಗೂ ಕೊಂಡವನಿಗೂ ಸಮನಾಗಿ ಲಾಭವಾದ ವ್ಯಾಪಾರ ಕಂಡಿಲ್ಲ, ದೇಶ ದೇಶಗಳ ನಡುವೆ ಮಾತ್ರ ಅದು ಹೇಗಾಗುತ್ತದೆ ಎಂದು ಕೇಳಿದ್ದಾರೆ.

ಪ್ರಶ್ನೆ ಚೆನ್ನಾಗಿದೆ. ಇದಕ್ಕೆ ಉತ್ತರ ಹುಡುಕಲು ದೆಹಲಿಗೋ ಮಾಸ್ಕೋಗೋ ಹೋಗಬೇಕಾಗಿಲ್ಲ. ಆದೋನಿಯ ಬೆಟ್ಟದ ಮೇಲಿನ ಕೋಟೆಯನ್ನು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಏಕೆಂದರೆ ನೀವೂ ನಾವೂ ಬಾಳುತ್ತಿರುವ ಈ ಸೀಮೆಯೇ ಒಂದು ಕಾಲದಲ್ಲಿ ಎರಡು ಸರಕಾರಗಳ ಗೆಳೆತನಕ್ಕೆ ತೆತ್ತ ಬೆಲೆ. ನಮ್ಮ ಮುತ್ತಾತಂದಿರ ಕಾಲದಲ್ಲಿ ಈ ಕಡೆಗೆ ‘ದತ್ತ ಮಂಡಲ’ ಎಂಬ ಹೆಸರಿತ್ತು. ದತ್ತ ಎಂದರೆ ಕೊಟ್ಟದ್ದು. ಕಡಪ, ಬಳ್ಳಾರಿ, ಅನಂತಪುರ, ಕರ್ನೂಲು ಕಡೆಯ ಜನ ಈ ಹೆಸರನ್ನು ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹೊತ್ತರು. 1928ರಲ್ಲಿ ನಂದ್ಯಾಲದಲ್ಲಿ ಸೇರಿದ ಸಭೆಯಲ್ಲಿ ‘ರಾಯಲಸೀಮೆ’ ಎಂಬ ಹೆಸರು ಬಂದಮೇಲೆ ಹಳೆಯದು ಹಿಂದೆ ಸರಿಯಿತು. ಯಾರೋ ಯಾರಿಗೋ ಕೊಟ್ಟ ನಾಡು ಎನ್ನಿಸಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಆದರೆ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂಬುದನ್ನು ಮರೆಯಬಾರದು. ಇವತ್ತು ಆ ಕತೆಯನ್ನು ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು ಹೊಲದ ಕಡೆ ಹೋಗಿ ಬರೋಣ. ಮುಯ್ಯಾಳು ಎಂದರೆ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಇಂದು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯ ಇಬ್ಬರು ಬರುತ್ತಾರೆ, ನಾಳೆ ನಮ್ಮ ಹೊಲಕ್ಕೆ ನಿಮ್ಮವರಿಬ್ಬರು. ಕೂಲಿ ಇಲ್ಲ, ಚೀಟಿ ಇಲ್ಲ, ಸಾಕ್ಷಿ ಇಲ್ಲ. ಆದರೂ ನಡೆಯುತ್ತದೆ. ಏಕೆ? ನೀವು ಬಾರದಿದ್ದರೆ ನಾವೂ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಈಗ ಒಬ್ಬನ ಮನೆಯಲ್ಲಿ ಎತ್ತು ಸತ್ತವು, ಮಗ ಗುಳೆ ಹೋದ ಎಂದುಕೊಳ್ಳಿ. ಮುಯ್ಯಿ ತೀರಿಸಲು ಆಳಿಲ್ಲ. ಆಗ ಎದುರಿನವನು, ‘ಪರವಾಗಿಲ್ಲ ಬಿಡಪ್ಪ, ಆಳು ನಾನೇ ಕಳಿಸುತ್ತೇನೆ, ನೀನು ಕಾಳು ಕೊಡು’ ಎನ್ನುತ್ತಾನೆ. ಮಾರನೆಯ ವರ್ಷ, ‘ಕಾಳು ಸಾಲದು, ಆ ಕೆಳಗಿನ ಎರಡೆಕರೆ ನನ್ನ ಹೆಸರಿಗೆ ಬರೆದುಕೊಡು, ಆಳಿನ ಚಿಂತೆ ನಿನಗೆ ಬೇಡ’ ಎನ್ನುತ್ತಾನೆ. ಊರಿನವರ ಕಣ್ಣಿಗೆ ಇಬ್ಬರೂ ಈಗಲೂ ಗೆಳೆಯರೇ. ಹಬ್ಬಕ್ಕೆ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಾರೆ. ಆದರೆ ಅದು ಮುಯ್ಯಾಳಾಗಿ ಉಳಿದಿಲ್ಲ ಎಂಬುದು ಆ ಇಬ್ಬರಿಗೂ ಗೊತ್ತು.

ಹೈದರಾಬಾದಿನ ನಿಜಾಮನಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೂ ಆದದ್ದು ಹೆಚ್ಚು ಕಡಿಮೆ ಇದೇ.

ಆಗ ಆದೋನಿ ನಿಜಾಮ ಅಲಿ ಖಾನನ ತಮ್ಮ ಬಸಾಲತ್ ಜಂಗನ ಜಹಗೀರು. ಸುತ್ತ ಬಲಾಢ್ಯರು. ಪಶ್ಚಿಮಕ್ಕೆ ಮರಾಠರು, ದಕ್ಷಿಣಕ್ಕೆ ಹೈದರಾಲಿ. ಬಸಾಲತ್ ಜಂಗ್ ಫ್ರೆಂಚರ ಒಂದು ಪಡೆಯನ್ನು ಸಾಕಿಕೊಂಡಿದ್ದ. 1779ರಲ್ಲಿ ಮದರಾಸಿನ ಇಂಗ್ಲಿಷರು ಅವನಿಗೆ ಹೀಗೆಂದರು: ಫ್ರೆಂಚರನ್ನು ಬಿಡು, ಗುಂಟೂರು ಸೀಮೆಯನ್ನು ನಮಗೆ ಗುತ್ತಿಗೆ ಕೊಡು, ನಿನ್ನ ಆದೋನಿಯನ್ನು ಕಾಯಲು ನಾವು ಪಡೆ ಕಳಿಸುತ್ತೇವೆ. ಅವನು ಒಪ್ಪಿದ. ಗುಂಟೂರು ಹೋಯಿತು. ಕರ್ನಲ್ ಹಾರ್ಪರ್ ಎಂಬವನ ಪಡೆ ಆದೋನಿಗೆಂದು ಹೊರಟಿತು. ಆದರೆ ದಾರಿಯಿದ್ದದ್ದು ಹೈದರನ ವಶದಲ್ಲಿದ್ದ ಕಡಪ ಸೀಮೆಯ ಮೇಲೆ. ಹೈದರಾಲಿ ದಾರಿ ಬಿಡಲಿಲ್ಲ, ಪಡೆ ಆದೋನಿ ಮುಟ್ಟಲಿಲ್ಲ. ಅತ್ತ ಅಣ್ಣ ನಿಜಾಮನಿಗೆ ತನ್ನನ್ನು ಕೇಳದೆ ತಮ್ಮ ಮಾಡಿಕೊಂಡ ಒಪ್ಪಂದದ ಮೇಲೆ ಸಿಟ್ಟು. ಮರುವರ್ಷವೇ ಎರಡನೆಯ ಮೈಸೂರು ಯುದ್ಧ ಹತ್ತಿತು. ಅದಕ್ಕಿದ್ದ ಹಲವು ಕಾರಣಗಳಲ್ಲಿ ಇದೂ ಒಂದು. 1786ರಲ್ಲಿ ಟಿಪ್ಪು ಬಂದು ಆದೋನಿಗೆ ಮುತ್ತಿಗೆ ಹಾಕಿ, ಊರನ್ನು ಹಿಡಿದು, ಕೋಟೆಯ ಗೋಡೆಗಳನ್ನು ಕೆಡವಿಸಿದ. ಬಸಾಲತ್ ಜಂಗ್ ಅಷ್ಟರಲ್ಲಿ ತೀರಿಹೋಗಿದ್ದ. ಮುಂದಿನ ವರ್ಷದ ರಾಜಿಯಲ್ಲಿ ಆದೋನಿ ನಿಜಾಮನ ಮನೆತನಕ್ಕೆ ಹಿಂತಿರುಗಿತು.

ಈಗ ದೊಡ್ಡ ಕತೆಗೆ ಬರೋಣ. 1790ರಲ್ಲಿ ನಿಜಾಮ, ಮರಾಠರು, ಕಂಪನಿ ಮೂವರೂ ಟಿಪ್ಪುವಿನ ವಿರುದ್ಧ ಕೂಡಿದರು. ಇದು ನಿಜವಾದ ಮುಯ್ಯಾಳು. ಮೂವರಿಗೂ ಟಿಪ್ಪುವಿನ ಭಯ, ಮೂವರ ಬಳಿಯೂ ಸೈನ್ಯ, ಯಾರು ಬೇಕಾದರೂ ಎದ್ದು ಹೋಗಬಹುದು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪುವಿನ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿ ದಂಡವೂ ಮೂವರ ಪಾಲಾಯಿತು. ಕಡಪ ಸೀಮೆ ನಿಜಾಮನಿಗೆ ಬಂತು. ಅಂದು ಯಾರಾದರೂ ಹೈದರಾಬಾದಿನಲ್ಲಿ ನಿಂತು, ಈ ಗೆಳೆತನದಿಂದ ಎಲ್ಲರಿಗೂ ಲಾಭ ಎಂದಿದ್ದರೆ ಅದರಲ್ಲಿ ಸುಳ್ಳಿರಲಿಲ್ಲ.

ಮೂರೇ ವರ್ಷ. 1795ರ ಮಾರ್ಚಿಯಲ್ಲಿ ಖರ್ಡಾ ಎಂಬಲ್ಲಿ ಮರಾಠರು ನಿಜಾಮನ ಮೇಲೆ ಬಿದ್ದರು. ನಿಜಾಮ ಕಂಪನಿಯ ಕಡೆ ನೋಡಿದ. ಗವರ್ನರ್ ಜನರಲ್ ಸರ್ ಜಾನ್ ಶೋರ್, ಮರಾಠರೂ ನಮ್ಮ ಮಿತ್ರರೇ, ನಾವು ಯಾರ ಪಕ್ಷವೂ ಅಲ್ಲ ಎಂದು ಕೈ ಕಟ್ಟಿ ಕೂತ. ನಿಜಾಮ ಸೋತ. ಗೆಳೆಯ ಗೆಳೆಯನೇ, ಆದರೆ ಅವನಿಗೆ ಬೇಕಾದ ದಿನ ಮಾತ್ರ ಎಂಬುದು ಆಗ ಅವನಿಗೆ ಅರ್ಥವಾಗಿರಬೇಕು. ರೇಮಂಡ್ ಎಂಬ ಫ್ರೆಂಚ್ ಸೇನಾನಿಯ ಕೈಕೆಳಗೆ ತನ್ನದೇ ತರಬೇತಾದ ಪಡೆಯನ್ನು ಬೆಳೆಸಿಕೊಂಡ. ನನ್ನನ್ನು ಕೇಳಿದರೆ ನಿಜಾಮನ ಕೈಯಲ್ಲಿದ್ದ ಕೊನೆಯ ಬೆಲೆಬಾಳುವ ಎಲೆ ಅದೇ.

ಆ ಎಲೆಯನ್ನೇ ಅವನು 1798ರಲ್ಲಿ ಎಸೆದ. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ಬಂದಿದ್ದ. ಶೋರನಂತೆ ಕೈ ಕಟ್ಟಿ ಕೂರುವವನಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. ಫ್ರೆಂಚ್ ಪಡೆಯನ್ನು ವಿಸರ್ಜಿಸಬೇಕು. ಅದರ ಬದಲು ಕಂಪನಿಯ ಆರು ಬೆಟಾಲಿಯನ್ ಸಿಪಾಯಿಗಳು ನಿಜಾಮನ ರಾಜ್ಯದಲ್ಲಿ ನಿಲ್ಲುತ್ತಾರೆ. ಅವರ ಖರ್ಚಿಗೆಂದು ನಿಜಾಮ ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು. ಚರಿತ್ರೆ ಪುಸ್ತಕದಲ್ಲಿ ‘ಸಹಾಯಕ ಸೈನ್ಯ ಪದ್ಧತಿ’ ಎಂದು ಓದಿ ಪರೀಕ್ಷೆಯಲ್ಲಿ ಐದು ಅಂಕ ತೆಗೆದುಕೊಂಡು ನಾವೆಲ್ಲ ಮರೆತದ್ದು ಇದನ್ನೇ. ಬಿಡಿಸಿ ಹೇಳಿದರೆ, ಸಿಪಾಯಿ ನಿನ್ನ ಊರಿನಲ್ಲಿ, ಸಂಬಳ ನಿನ್ನ ಬೊಕ್ಕಸದ್ದು, ಅಪ್ಪಣೆ ಮಾತ್ರ ನಮ್ಮದು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಮಾತನ್ನು ರಾಜ್ಯದ ಲೆಕ್ಕಕ್ಕೆ ಏರಿಸಿದಂತೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಗುತ್ತಿ, ಗುರ್ರಂಕೊಂಡ ಮುಂತಾದ ಸೀಮೆ ನಿಜಾಮನ ಪಾಲಿಗೆ ಬಂತು. ಬಂದು ಒಂದೂವರೆ ವರ್ಷವೂ ನಿಲ್ಲಲಿಲ್ಲ ಎನ್ನಿ. 1800ರ ಅಕ್ಟೋಬರ್ 12ರಂದು ಹೈದರಾಬಾದಿನಲ್ಲಿ ಇನ್ನೊಂದು ಒಪ್ಪಂದ. ಸಿಪಾಯಿಗಳ ಸಂಖ್ಯೆ ಎಂಟು ಸಾವಿರಕ್ಕೆ, ಕುದುರೆ ಸವಾರರದು ಒಂದು ಸಾವಿರಕ್ಕೆ ಏರಿತು. ವರ್ಷ ವರ್ಷ ಹಣ ಕೇಳುವ ರಗಳೆ ಬೇಡ, ಬಾಕಿ ಬೀಳುವ ಭಯ ಬೇಡ, ಅದರ ಬದಲು ಭೂಮಿಯನ್ನೇ ಶಾಶ್ವತವಾಗಿ ಬರೆದುಕೊಡು ಎಂದರು. ಯಾವ ಭೂಮಿ? 1792ರಲ್ಲಿಯೂ 1799ರಲ್ಲಿಯೂ ಟಿಪ್ಪುವಿನಿಂದ ಗೆದ್ದು ನಿಜಾಮನಿಗೆ ಪಾಲಾಗಿ ಬಂದ ಸೀಮೆಯೆಲ್ಲ. ಎರಡು ಯುದ್ಧ ಮಾಡಿ ಬಲಗೈಯಲ್ಲಿ ಪಡೆದದ್ದು ಒಂದು ಸಹಿಯಲ್ಲಿ ಎಡಗೈಯಿಂದ ಹೋಯಿತು. ಇದರ ಜೊತೆಗೆ, ಕಂಪನಿಯನ್ನು ಕೇಳದೆ ಬೇರೆ ಯಾವ ರಾಜ್ಯದೊಂದಿಗೂ ಮಾತುಕತೆ ನಡೆಸುವುದಿಲ್ಲ ಎಂಬ ವಚನವನ್ನೂ ಕೊಡಬೇಕಾಯಿತು. ಆದರೂ ಕಾಗದದ ಮೇಲೆ ಮೊದಲು ಬರೆದಿದ್ದದ್ದು ಸ್ನೇಹದ ಮಾತೇ: ಒಬ್ಬರ ಮಿತ್ರ ಇಬ್ಬರಿಗೂ ಮಿತ್ರ, ಒಬ್ಬರ ಶತ್ರು ಇಬ್ಬರಿಗೂ ಶತ್ರು.

ಆದೋನಿ ಇದರಲ್ಲಿ ಹೇಗೆ ಸಿಕ್ಕಿಬಿತ್ತು ಎಂಬುದು ಬೇರೆಯೇ ಸ್ವಾರಸ್ಯ. ಈ ಬಾರಿ ಟಿಪ್ಪುವಿನಿಂದ ಗೆದ್ದ ಪಾಲಿನಲ್ಲಿ ಅದು ಸೇರಿರಲಿಲ್ಲ, ನಿಜಾಮನ ಹಳೆಯ ಆಸ್ತಿ. ಗೆದ್ದ ಸೀಮೆಯಲ್ಲಿ ಕೊಪ್ಪಳ, ಗಜೇಂದ್ರಗಡದಂಥ ಕೆಲವು ಭಾಗಗಳು ತುಂಗಭದ್ರೆಯ ಆಚೆಗೆ, ಉತ್ತರಕ್ಕೆ ಇದ್ದವು. ಗಡಿ ಅಂಕುಡೊಂಕಾದರೆ ಜಗಳ, ಹೊಳೆಯೇ ಗಡಿಯಾಗಲಿ ಎಂದು ಎರಡೂ ಸರಕಾರಗಳು ಯೋಚಿಸಿದವು. ಆದ್ದರಿಂದ ಕೊಪ್ಪಳ, ಗಜೇಂದ್ರಗಡ ನಿಜಾಮನ ಬಳಿ ಉಳಿದವು. ಅದರ ಬದಲಿಗೆ ಹೊಳೆಯ ಈಚೆಗಿದ್ದ ಆದೋನಿ ಕಂಪನಿಗೆ ಹೋಯಿತು. ಸಂತೆಯಲ್ಲಿ ಎತ್ತು ಅದಲು ಬದಲು ಮಾಡಿದಂತೆ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಕೊಪ್ಪಳದವರನ್ನೂ ಕೇಳಲಿಲ್ಲ, ಆದೋನಿಯವರನ್ನೂ ಕೇಳಲಿಲ್ಲ. ಒಂದೇ ಮಾತಾಡುವ, ಹೆಣ್ಣು ಕೊಟ್ಟು ತರುವ ಜನ ಹೊಳೆಯ ಎರಡು ದಡದಲ್ಲಿ ಎರಡು ಸರಕಾರಗಳ ಪ್ರಜೆಗಳಾದರು. ಮಂತ್ರಾಲಯದ ಸ್ನಾನಘಟ್ಟದಲ್ಲಿ ನಿಂತು ಆಚೆ ದಡ ನೋಡಿದಾಗ ಈ ಮಾತು ನೆನಪಿರಲಿ.

ಈ ಸೀಮೆಗೆ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಆ ಹೆಸರು ನಿಮಗೆ ಹೊಸದಲ್ಲ. ಮಂತ್ರಾಲಯದ ಬೃಂದಾವನದ ಮುಂದೆ ಅವನು ನಿಂತ ಕತೆಯನ್ನು ಅಜ್ಜಿಯರು ಹೇಳುತ್ತಾರೆ. 1827ರ ಜುಲೈ 6ರಂದು ಕಾಲರಾದಿಂದ ಅವನು ತೀರಿಕೊಂಡದ್ದು ನಮ್ಮ ಪತ್ತಿಕೊಂಡದಲ್ಲಿಯೇ. ಅವನು 1800ರಲ್ಲಿ ಬಂದಾಗ ಇಲ್ಲಿ 80 ಮಂದಿ ಪಾಳೆಯಗಾರರಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿ, ರೈತನಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿ ತಂದ. ಜನ ಸುಮ್ಮನೆ ಒಪ್ಪಲಿಲ್ಲ. 1801ರಲ್ಲಿ ಆದೋನಿ ಸೀಮೆಯ ತೆರ್ನೇಕಲ್ಲಿನವರು ಕಂದಾಯ ಕೊಡುವುದಿಲ್ಲ ಎಂದು ಎದ್ದರು. ಸರಕಾರದ ಅಧಿಕಾರಿ ಕೊಲೆಯಾದ. ಸೈನ್ಯ ಬಂತು, ಮೊದಲ ಸಲ ಹಿಮ್ಮೆಟ್ಟಿತು, ಮತ್ತೆ ಬಂದು ಊರನ್ನು ಹಿಡಿಯಿತು. ಮುತ್ತುಕೂರು ಗೌಡಪ್ಪನ ಹೆಸರನ್ನು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ನೋಡಿ, ಹೈದರಾಬಾದಿನಲ್ಲಿ ಸಹಿ ಬಿದ್ದದ್ದು ಸ್ನೇಹದ ಕಾಗದಕ್ಕೆ. ಅದರ ಖರ್ಚಿನ ಚೀಟಿ ಬಂದದ್ದು ತೆರ್ನೇಕಲ್ಲಿಗೆ.

ಮನ್ರೋ ಪ್ರಾಮಾಣಿಕ. ಏಳು ವರ್ಷ ಈ ನೆಲ ತಿರುಗಿದ ಮೇಲೆ, 1807ರಲ್ಲಿ, ಕಂದಾಯ ಹೆಚ್ಚಾಗಿದೆ, ನೂರಕ್ಕೆ 25 ಇಳಿಸಬೇಕು ಎಂದು ಅವನೇ ಬರೆದ. ಆಗ ಮದರಾಸಿನವರು ಒಪ್ಪಲಿಲ್ಲ. 1820ರಲ್ಲಿ ಅವನೇ ಗವರ್ನರನಾಗಿ ಬಂದ ಮೇಲೆ ಅದು ಜಾರಿಗೆ ಬಂತು. ಹದಿಮೂರು ವರ್ಷ. ಬರ ಹದಿಮೂರು ವರ್ಷ ಕಾಯುವುದಿಲ್ಲ ಎಂದು ನಮ್ಮ ರೈತರಿಗೆ ಗೊತ್ತು.

ಹಾಗಾದರೆ ನಿಜಾಮನಿಗೆ ಏನೂ ಸಿಗಲಿಲ್ಲವೇ? ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಸಿಕ್ಕಿತು. 1800ರ ನಂತರ ಮರಾಠರ ಸೈನ್ಯ ಹೈದರಾಬಾದಿನ ಬಾಗಿಲಿಗೆ ಬರಲಿಲ್ಲ. ಟಿಪ್ಪುವಿನ ಮನೆತನ ಹೋಯಿತು, 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು, ನಿಜಾಮನ ಗಾದಿ ಮಾತ್ರ 1948ರ ವರೆಗೆ ಉಳಿಯಿತು. ಗಾದಿ ಉಳಿಯುವುದೇ ಲಾಭವೆಂದರೆ ಅವನಿಗೆ ಲಾಭವೇ ಆಯಿತು. ಆದರೆ ಗಾದಿಯ ಮೇಲೆ ಕೂತವನಿಗೆ ಉಳಿದದ್ದೇನು ಎಂಬುದನ್ನೂ ಕೇಳಬೇಕು. ಒಪ್ಪಂದದಲ್ಲಿಲ್ಲದ ಇನ್ನೊಂದು ಪಡೆ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಹೆಸರಿನಲ್ಲಿ ಬೆಳೆಯಿತು. ಅದರ ಅಧಿಕಾರಿಗಳು ಇಂಗ್ಲಿಷರು, ಸಂಬಳ ನಿಜಾಮನದು. ಸಾಲ ಏರಿತು. 1853ರಲ್ಲಿ ಆ ಸಾಲಕ್ಕಾಗಿ ಬೀರಾರ್ ಪ್ರಾಂತ್ಯವನ್ನೂ, ಅದರ ಜೊತೆಗೆ ನಮ್ಮ ಎದುರು ದಡದ ರಾಯಚೂರು ದೋಆಬನ್ನೂ ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. 1857ರ ದಂಗೆಯಲ್ಲಿ ಹೈದರಾಬಾದು ಇಂಗ್ಲಿಷರ ಕಡೆ ನಿಂತದ್ದಕ್ಕೆ 1860ರಲ್ಲಿ ರಾಯಚೂರು ಹಿಂದಕ್ಕೆ ಬಂತು, ಬೀರಾರ್ ಬರಲಿಲ್ಲ. ನಾಡು ಕಾಯಲು ಬಂದ ಸೈನ್ಯದ ಹೆಸರಿನಲ್ಲಿ ನಾಡೇ ಹೋಗುವುದೆಂದರೆ ಬೇಲಿ ಎದ್ದು ಹೊಲ ಮೇಯ್ದಂತೆ.

ಇದರ ತಮಾಷೆಯ ಭಾಗವನ್ನೂ ಹೇಳುತ್ತೇನೆ. 1918ರಲ್ಲಿ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನನಿಗೆ ‘ಬ್ರಿಟಿಷ್ ಸರಕಾರದ ನಂಬುಗೆಯ ಮಿತ್ರ’ ಎಂಬ ಬಿರುದು ಬಂತು. ಮಿತ್ರ ಎಂಬ ಮಾತನ್ನು ಅವನು ನಂಬಿದ. ಬೀರಾರ್ ಹಿಂದಕ್ಕೆ ಕೊಡಿ, ನಾವಿಬ್ಬರೂ ಸಮಾನರಾಗಿ ಒಪ್ಪಂದ ಮಾಡಿಕೊಂಡವರು ಎಂದು ಬರೆದ. 1926ರಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್‌ನಿಂದ ಉತ್ತರ ಬಂತು: ಭಾರತದಲ್ಲಿ ಬ್ರಿಟಿಷ್ ಸಾಮ್ರಾಟನದೇ ಪರಮಾಧಿಕಾರ, ಸರಿಸಮಾನವಾಗಿ ಕೂತು ಮಾತಾಡುವ ಹಕ್ಕು ಯಾವ ಸಂಸ್ಥಾನದ ರಾಜನಿಗೂ ಇಲ್ಲ. ಬಿರುದು ಕೊಟ್ಟು ಎಂಟು ವರ್ಷಕ್ಕೆ. ಮುಂದೆ 1936ರಲ್ಲಿ ಸಮಾಧಾನಕ್ಕೆಂದು ನಿಜಾಮನ ಹಿರಿಯ ಮಗನಿಗೆ ‘ಬೀರಾರಿನ ರಾಜಕುಮಾರ’ ಎಂಬ ಹೆಸರು ಕೊಟ್ಟರು. ಹೆಸರು ಇವನಿಗೆ, ಬೀರಾರಿನ ಆಡಳಿತ ಅವರಿಗೆ. ಈ ರಾಜಕುಮಾರ ನಮ್ಮ ಕತೆಯಲ್ಲಿ ಇನ್ನೊಮ್ಮೆ ಬರುತ್ತಾನೆ, ನೆನಪಿಟ್ಟುಕೊಳ್ಳಿ.

ಮೈಸೂರಿನಲ್ಲೂ ಇದೇ ಬಗೆ. 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ವರ್ಷಕ್ಕೆ 7 ಲಕ್ಷ ವರಹದ ಪೊಗದಿ ಗೊತ್ತುಮಾಡಿದರು. ಆಡಳಿತ ಕೆಟ್ಟಿದೆ ಎಂಬ ಕಾರಣ ಹೇಳಿ 1831ರಲ್ಲಿ ಆಳ್ವಿಕೆಯನ್ನೇ ತೆಗೆದುಕೊಂಡರು. ಹಿಂದಕ್ಕೆ ಕೊಟ್ಟದ್ದು 1881ರಲ್ಲಿ.

ಇಷ್ಟು ಕೇಳಿ ನೀವು, ಹಾಗಾದರೆ ದೊಡ್ಡವರ ಸ್ನೇಹವೇ ಬೇಡ ಎನ್ನಬಹುದು. ಅಷ್ಟು ಬೇಗ ತೀರ್ಪು ಕೊಡಬೇಡಿ. ನಾನು ನೋಡುವುದು ಒಂದೇ ಸಂಗತಿಯನ್ನು: ಚಿಕ್ಕವನು ಒಂದು ದಿನ ‘ಸಾಕು’ ಎಂದರೆ ಏನಾಗುತ್ತದೆ? ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ಅಮೆರಿಕ ಮತ್ತು ಪಶ್ಚಿಮ ಯೂರೋಪಿನ ದೇಶಗಳು ನೇಟೋ ಕೂಟ ಕಟ್ಟಿದವು; 1955ರಲ್ಲಿ ಸೋವಿಯತ್ ರಷ್ಯಾದ ಕಡೆಯವರು ವಾರ್ಸಾ ಕೂಟ ಕಟ್ಟಿದರು. 1956ರಲ್ಲಿ ಹಂಗೆರಿ, ನಾವು ವಾರ್ಸಾ ಕೂಟ ಬಿಡುತ್ತೇವೆ ಎಂದಿತು. ಉತ್ತರವಾಗಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿನ ಬೀದಿಗಳಲ್ಲಿ ನುಗ್ಗಿದವು. 1968ರಲ್ಲಿ ಚೆಕೊಸ್ಲೊವಾಕಿಯಾದೊಳಕ್ಕೆ ನುಗ್ಗಿದ್ದು ಶತ್ರುಗಳಲ್ಲ, ಅದರದೇ ಕೂಟದ ಮಿತ್ರರು. ಈ ಕಡೆ 1966ರಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್, ನೇಟೋದ ಸೈನಿಕ ಆಡಳಿತದಿಂದ ನಾವು ಹೊರಗೆ, ನಮ್ಮ ನೆಲದಲ್ಲಿರುವ ಪರದೇಶದ ಸೈನ್ಯ ಹೊರಡಲಿ ಎಂದರು. ಅಮೆರಿಕಕ್ಕೆ ಸಿಟ್ಟು ಬಂತು, ಆದರೆ ಮರುವರ್ಷದೊಳಗೆ ಸೈನ್ಯ ಗಂಟುಮೂಟೆ ಕಟ್ಟಿ ಹೊರಟಿತು. ಫ್ರಾನ್ಸು ಕೂಟದ ಸದಸ್ಯನಾಗಿಯೇ ಉಳಿಯಿತು. 2009ರಲ್ಲಿ ತಾನಾಗಿಯೇ ಮತ್ತೆ ಪೂರ್ತಿಯಾಗಿ ಸೇರಿಕೊಂಡಿತು. ಇದಕ್ಕೆ ಅಮೆರಿಕದ ದೊಡ್ಡ ಮನಸ್ಸೇ ಕಾರಣ ಎನ್ನಬೇಡಿ. ಫ್ರಾನ್ಸಿನ ಬಳಿ ತನ್ನದೇ ಸೈನ್ಯವಿತ್ತು, ತನ್ನದೇ ಅಣುಬಾಂಬಿತ್ತು. ರೇಮಂಡನ ಪಡೆಯನ್ನು ಅದು ವಿಸರ್ಜಿಸಿರಲಿಲ್ಲ, ಅಷ್ಟೆ.

ನಮ್ಮ ದೇಶವೇ ದೊಡ್ಡಣ್ಣನಾಗಿರುವ ಕಡೆಯನ್ನೂ ನೋಡಬೇಕಲ್ಲ. ಭೂತಾನದೊಂದಿಗೆ 1949ರಲ್ಲಿ ಆದ ಒಪ್ಪಂದದಲ್ಲಿ, ವಿದೇಶಾಂಗ ವ್ಯವಹಾರದಲ್ಲಿ ಭೂತಾನ ಭಾರತದ ಸಲಹೆಯಂತೆ ನಡೆಯುತ್ತದೆ ಎಂಬ ಮಾತಿತ್ತು. 2007ರಲ್ಲಿ ಅದನ್ನು ತೆಗೆದು ಹೊಸದಾಗಿ ಬರೆದರು. ಅಲ್ಲಿನ ಚುಖಾ ಎಂಬಲ್ಲಿ 336 ಮೆಗಾವಾಟ್ ವಿದ್ಯುತ್ ಕೇಂದ್ರ ಕಟ್ಟಲು ಭಾರತ ಹಣ ಕೊಟ್ಟಿತು: ನೂರಕ್ಕೆ 60 ಭಾಗ ಅನುದಾನ, 40 ಭಾಗ ಸಾಲ. ಹೆಚ್ಚುವರಿ ಕರೆಂಟನ್ನು ಭಾರತವೇ ಕೊಳ್ಳುತ್ತದೆ. ಭೂತಾನದ ಬೊಕ್ಕಸಕ್ಕೆ ಆದಾಯ, ನಮಗೆ ಬೆಳಕು. ಇಲ್ಲಿ ಇಬ್ಬರಿಗೂ ಲಾಭ ಎಂಬ ಮಾತನ್ನು ಒಪ್ಪಬಹುದು. ಆದರೆ ಅದೇ ನಾವು ನೇಪಾಳದೊಂದಿಗೆ 1954ರಲ್ಲಿ ಮಾಡಿಕೊಂಡ ಕೋಸಿ ನದಿಯ ಒಪ್ಪಂದದ ಬಗ್ಗೆ ಅಲ್ಲಿನವರನ್ನು ಕೇಳಿ. ಮುಳುಗಿದ ಹೊಲ ನಮ್ಮದು, ನೀರು ಬಿಹಾರದ್ದು ಎನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗದೇ ಇರಲಾರದು. ಕಾಲುವೆಯ ಕೊನೆಯಲ್ಲಿರುವವರು ನಾವು.

ಕಾಲುವೆ ಎಂದ ಮೇಲೆ ಮನೆಗೆ ಹಿಂತಿರುಗೋಣ. 1800ರಲ್ಲಿ ತುಂಗಭದ್ರೆಯನ್ನು ಗಡಿಯಾಗಿ ಮಾಡಿದರಲ್ಲ, ಅದರಿಂದ ಒಂದು ವಿಚಿತ್ರ ಫಲವಾಯಿತು. ಹೊಳೆಗೆ ಅಡ್ಡಲಾಗಿ ಯಾರು ಕಟ್ಟೆ ಕಟ್ಟಬೇಕೆಂದರೂ ಒಂದು ತುದಿ ಮದರಾಸಿನ ನೆಲದಲ್ಲಿ, ಇನ್ನೊಂದು ತುದಿ ನಿಜಾಮನ ನೆಲದಲ್ಲಿ ಕೂರಬೇಕು. ಸರ್ ಆರ್ಥರ್ ಕಾಟನ್ 1860ರಲ್ಲೇ ಇಲ್ಲಿ ನೀರು ನಿಲ್ಲಿಸುವ ಯೋಚನೆ ಹೇಳಿದ್ದ. ಬಳ್ಳಾರಿ ಸೀಮೆ 1876ರಿಂದ 78ರ ಮಹಾಕ್ಷಾಮದಲ್ಲಿ ಬೆಂದುಹೋಯಿತು. ಆದರೂ ಕಟ್ಟೆ ಏಳಲಿಲ್ಲ; ನಿನಗೆಷ್ಟು ನನಗೆಷ್ಟು ಎಂಬ ಮಾತು ಮುಗಿಯಲೇ ಇಲ್ಲ. ಕೊನೆಗೆ 1944ರಲ್ಲಿ ಮದರಾಸು, ಹೈದರಾಬಾದು ಎರಡೂ ತಲಾ 65 ಟಿ.ಎಂ.ಸಿ. ನೀರು ಎಂದು ಸಮನಾಗಿ ಒಪ್ಪಿದವು. 1945ರ ಫೆಬ್ರವರಿ 28ರಂದು ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಶಂಕುಸ್ಥಾಪನೆ ಮಾಡಿದ. ಎಡದಂಡೆಯಲ್ಲಿ ಮಾಡಿದವನು ಯಾರು ಗೊತ್ತೇ? ಅದೇ ಬೀರಾರಿಲ್ಲದ ಬೀರಾರಿನ ರಾಜಕುಮಾರ.

ನೂರೈವತ್ತು ವರ್ಷದ ಹಿಂದೆ ಎಲ್ಲವನ್ನೂ ಬಿಟ್ಟುಕೊಟ್ಟಿದ್ದ ಹೈದರಾಬಾದಿಗೆ ಈಗ ಅರ್ಧಕ್ಕರ್ಧ ಪಾಲು ಹೇಗೆ ಸಿಕ್ಕಿತು? ಕಟ್ಟೆಯ ಒಂದು ತುದಿ ಅದರ ಕೈಯಲ್ಲಿತ್ತು. ಅದು ‘ಇಲ್ಲ’ ಎಂದರೆ ಕಟ್ಟೆಯೇ ಇಲ್ಲ. ಹಾಗೆಂದು ಇಲ್ಲಿಯೂ ಬೆಲೆ ತೆತ್ತವರು ಬೇರೆಯೇ: ಸುಮಾರು 90 ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಸಹಿ ಹಾಕುವ ಮೇಜಿನ ಹತ್ತಿರ ಆ ಹಳ್ಳಿಗಳವರೂ ಇರಲಿಲ್ಲ.

1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ನಮ್ಮ ಬಳ್ಳಾರಿ ಜಿಲ್ಲೆ ಎರಡಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದವು ಮೈಸೂರಿಗೆ. 1956ರಲ್ಲಿ ಎಡದಂಡೆಯ ಕೊಪ್ಪಳ, ರಾಯಚೂರು ಕೂಡ ಮೈಸೂರಿಗೆ ಸೇರಿದವು. ಈಗ ಗಮನಿಸಿ: ಕಟ್ಟೆಯ ಎರಡು ತುದಿಗಳೂ ಒಂದೇ ರಾಜ್ಯದ ಪಾಲಾದವು. ಕೆಳಗಿರುವ ನಮ್ಮ ಕೈಯಲ್ಲಿ ಯಾವ ತುದಿಯೂ ಉಳಿಯಲಿಲ್ಲ. ನಿಜಾಮನ ಸ್ಥಿತಿ ನಮಗೇ ಬರಬೇಕಾಗಿತ್ತು. ಅದು ಪೂರ್ತಿ ಬಾರದಂತೆ ತಡೆದದ್ದು, ಕೇಂದ್ರ ಸರಕಾರ ನೇಮಿಸುವ ಅಧ್ಯಕ್ಷನ ಕೆಳಗೆ ಎರಡೂ ಕಡೆಯವರು ಕೂರುವ ತುಂಗಭದ್ರಾ ಮಂಡಳಿ. ನಮ್ಮ ಎಲ್.ಎಲ್.ಸಿ., ಅಂದರೆ ಬಲದಂಡೆಯ ಕೆಳಮಟ್ಟದ ಕಾಲುವೆ, ಮೊದಲ ಸುಮಾರು 250 ಕಿಲೋಮೀಟರು ಆ ಮಂಡಳಿಯ ಉಸ್ತುವಾರಿಯಲ್ಲಿದೆ. ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ ಅದರಲ್ಲಿ ಆಂಧ್ರದ ಪಾಲು 24 ಟಿ.ಎಂ.ಸಿ.

ಕಾಗದದ ಮೇಲಿನ ಪಾಲು ಬೇರೆ, ಕೋಸಿಗಿಯ ತೂಬಿಗೆ ಬರುವ ನೀರು ಬೇರೆ ಎಂದು ನೀವು ಹೇಳುತ್ತೀರಿ, ಗೊತ್ತು. ದಾರಿಯಲ್ಲಿ ಪಂಪು ಹಚ್ಚುವವರಿದ್ದಾರೆ. ಹೂಳಿನ ಮಾತಂತೂ ಹೇಳುವುದೇ ಬೇಡ: 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಆದರೆ ಕೊರತೆ ಬಂದ ವರ್ಷ ಅದನ್ನು ಒಬ್ಬರ ತಲೆಗೇ ಕಟ್ಟುವಂತಿಲ್ಲ. ಆ ವರ್ಷ ಎಷ್ಟು ನೀರು ಬರಬಹುದೆಂದು ಮಂಡಳಿ ಅಂದಾಜು ಮಾಡಿ, ಪಾಲಿಗೆ ತಕ್ಕಂತೆ ಎರಡೂ ಕಡೆಗೆ ಕಡಿತ ಹಾಕುತ್ತದೆ. ಕಡಿತದ ಲೆಕ್ಕ ತಪ್ಪೆಂದು ಕಂಡರೆ ಎದ್ದು ನಿಂತು ಜಗಳವಾಡಲು ಒಂದು ಮೇಜಿದೆ. 1853ರಲ್ಲಿ ಹೈದರಾಬಾದಿಗೆ ಆ ಮೇಜು ಇರಲಿಲ್ಲ.

ಹಿರಿಯರೇ, ನಿಮ್ಮ ಕಾಗದಕ್ಕೆ ಇನ್ನೊಂದು ಮಾತು ಸೇರಿಸಿ ಮುಗಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ನೀರು ಹೊಳೆಯ ಪಾಲಾಗುತ್ತಿತ್ತು. ಸಿರುಗುಪ್ಪದ ಭತ್ತಕ್ಕೂ ಆದೋನಿಯ ಹತ್ತಿಗೂ ಅದೇ ನೀರು. ಕರ್ನಾಟಕದ ನೆಲದಲ್ಲಿರುವ ಆ ಕಟ್ಟೆಗೆ ತೆಲುಗು ನಾಡಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಇಳಿವಯಸ್ಸಿನಲ್ಲಿ ಬಂದು ನಿಂತರು. ಹೊಸಪೇಟೆ, ಬಳ್ಳಾರಿ ಕಡೆಯ ಕಾರ್ಖಾನೆಗಳಲ್ಲಿ ಉಕ್ಕಿನ ಹಲಗೆಗಳು ತಯಾರಾದವು. ಹರಿಯುವ ನೀರಿನಲ್ಲೇ ಕ್ರೇನಿನಿಂದ ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಬಾಯಿ ಮುಚ್ಚಿದರು. ಆ ವಾರ ಅಲ್ಲಿ ಕನ್ನಡದಲ್ಲಿ ಎಷ್ಟು ಅಪ್ಪಣೆ ಕೊಟ್ಟರೋ, ತೆಲುಗಿನಲ್ಲಿ ಎಷ್ಟು ಬೈದರೋ, ಕೆಲಸದವರನ್ನೇ ಕೇಳಬೇಕು. ನಿಮ್ಮ ಊರಿನಿಂದ ಯಾರಾದರೂ ಆ ಕೆಲಸಕ್ಕೆ ಹೋಗಿದ್ದರೆ ನಮಗೆ ಬರೆಯಿರಿ.